ಶುಕ್ರವಾರದ ಮೀನು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆರು ಪಂದ್ಯ ಗೆದ್ದ ಕಾಲೇಜಿಗೆ ಬೌಲ್ ಪಂದ್ಯದ, ಎಂದರೆ ವರ್ಷದ ಕೊನೆಯ ವಿಶೇಷ ಪಂದ್ಯದ, ಕರೆ ಬರುತ್ತದೆ. ಬ್ಲ್ಯಾಕ್‌ವಾಟರ್ ಸ್ಟೇಟ್ ಕಾಲೇಜು ಆ ವರ್ಷ ಆರನ್ನು ಗೆದ್ದು ಆರನ್ನು ಸೋತಿತ್ತು, ಕರೆ ಬಂತು. ಹೊಸ ವರ್ಷದ ದಿನ ದೇಶಕ್ಕೆ ದೇಶವೇ ಕೂತು ನೋಡುವ ದೊಡ್ಡ ಬೌಲ್ ಅಲ್ಲ. ಕ್ರಿಸ್‌ಮಸ್ ಕಳೆದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಅಲಬಾಮಾದ ಕಡಲಂಚಿನ ಊರೊಂದರಲ್ಲಿ ನಡೆಯುವ ಬೆಂಡೆಕಾಯಿ ಬೌಲ್. ಗೆದ್ದವರಿಗೆ ಬೆಳ್ಳಿಯ ಬೋಗುಣಿ, ನೋಡಲು ಬಂದವರಿಗೆಲ್ಲ ಹುರಿದ ಬೆಂಡೆಕಾಯಿಯ ಪೊಟ್ಟಣ.

ಕಾಲೇಜಿನವರೇ ಹೆಸರು ಕೇಳಿ ನಗುತ್ತಿದ್ದರು. ಅರ್ಜೆಲಾ ಪೆಟ್‌ವೇ ಮಾತ್ರ ನಗಲಿಲ್ಲ.

"ಬೆಂಡೆಕಾಯೋ ಬದನೆಕಾಯೋ, ನಾವು ಗೆಲ್ಲೋದು ಗೆಲ್ಲೋದೇ," ಎಂದಳು.

ಅರ್ಜೆಲಾ ಇಪ್ಪತ್ತಾರು ವರ್ಷದಿಂದ ಆಟಗಾರರ ಊಟದ ಮನೆಯ ಯಜಮಾನಿ. ನೂರಹತ್ತು ಹುಡುಗರಿಗೆ ದಿನಾ ಬೇಯಿಸಿ ಬಡಿಸುವವಳು. ಯಾರಿಗೆ ಈರುಳ್ಳಿ ಆಗದು, ಯಾರು ಅಮ್ಮನ ನೆನಪಾದಾಗ ತಟ್ಟೆ ದೂಡುತ್ತಾರೆ, ಯಾರು ಮೂರನೇ ಸಲ ಸಾಲಿಗೆ ಬಂದು ಮೊದಲ ಸಲದವರ ಹಾಗೆ ಮುಖ ಮಾಡುತ್ತಾರೆ, ಎಲ್ಲ ಅವಳಿಗೆ ಗೊತ್ತು. ಅವಳು ಹೆಚ್ಚು ಕೇಳುವವಳಲ್ಲ, ನೋಡುವವಳು.

ಈ ಪಂದ್ಯ ಅವಳಿಗೆ ಬೇಕಿದ್ದದ್ದು ತಮ್ಮ ಲೂಷಸ್‌ಗಾಗಿ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಇವಳಿಗೆ ಇಪ್ಪತ್ತು. ಸಾಕಿದವಳು ಇವಳೇ. ದೊಡ್ಡವನಾಗಿ ಅವನು ಸಹಾಯಕ ಕೋಚ್ ಆದ. ಮುಖ್ಯ ಕೋಚ್ ಕೆಲಸ ಕಳೆದುಕೊಂಡರೆ ಅವನ ಸಹಾಯಕರೆಲ್ಲ ಗಂಟುಮೂಟೆ ಕಟ್ಟಬೇಕು, ಆ ಕಸುಬಿನ ರೀತಿಯೇ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಎಂಟು ಊರು ಸುತ್ತಿ, ನಾಲ್ಕು ವರ್ಷದ ಹಿಂದೆ ಲೂಷಸ್ ಕೊನೆಗೂ ಹುಟ್ಟಿದ ಊರಿನ ಕಾಲೇಜಿಗೆ ಬಂದಿದ್ದ. ಡಿಸೆಂಬರ್ ಮೊದಲ ವಾರ ಮುಖ್ಯ ಕೋಚ್ ಇದಕ್ಕಿಂತ ದೊಡ್ಡ ಕಾಲೇಜಿಗೆ ಹಾರಿದ. ಬೌಲ್ ಪಂದ್ಯ ಆಡಿಸಲು ಲೂಷಸ್‌ನನ್ನು ಹಂಗಾಮಿಯಾಗಿ ಕೂರಿಸಿದರು.

"ಗೆದ್ದು ಬಾ, ಆಮೇಲೆ ಮಾತಾಡೋಣ," ಎಂದಿದ್ದರು ಕಾಲೇಜಿನ ಅಧ್ಯಕ್ಷ ಡಾಕ್ಟರ್ ಓಗಲ್ಸ್‌ಬಿ. ಸೋತರೆ ಮಾತೇ ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಟೆಕ್ಸಸ್‌ನ ಒಬ್ಬ ಕೋಚ್ ತನ್ನ ಪಟಾಲಮ್ಮಿನ ಜೊತೆ ಬರಲು ತಯಾರಾಗಿದ್ದ. ಲೂಷಸ್ ಒಂಬತ್ತನೆಯ ಊರು ಹುಡುಕಬೇಕು. ಅವನು ಇನ್ನೊಂದು ಸಲ ಪೆಟ್ಟಿಗೆ ಕಟ್ಟುವುದನ್ನು ನೋಡಲು ಅರ್ಜೆಲಾ ತಯಾರಿರಲಿಲ್ಲ.

ಪಂದ್ಯಕ್ಕೆ ಇನ್ನು ಎರಡು ವಾರವಿರುವಾಗ, ಒಂದು ಭಾನುವಾರ, ಲೂಷಸ್ ಅವಳ ಕೌಂಟರ್ ಪಕ್ಕದ ಸ್ಟೂಲಿನ ಮೇಲೆ ಕೂತು ಕರಿದ ಕೋಳಿಯ ಕಾಲನ್ನು ತಿನ್ನದೆ ತಿರುಗಿಸುತ್ತಿದ್ದ.

"ಯಾಕೋ, ಕೋಳಿ ಬೆಂದಿಲ್ವಾ?"

"ಕೋಳಿ ಬೆಂದಿದೆ ಅಕ್ಕ. ನನ್ನ ತಲೆ ಬೇಯ್ತಿದೆ. ಗಿಲ್ ಸ್ಟ್ರೋದರ್ ವೆಸ್ಟ್‌ಲೇಕ್‌ಗೆ ಸೇರ್ಕೊಂಡ."

ವೆಸ್ಟ್‌ಲೇಕ್ ಎಂದರೆ ಒಹಾಯೋದ ಕಾಲೇಜು, ಬೆಂಡೆಕಾಯಿ ಬೌಲ್‌ನಲ್ಲಿ ಇವರ ಎದುರಾಳಿ. ಗಿಲ್ ಮೂರು ವರ್ಷ ಇವರ ಸನ್ನೆಗಾರನಾಗಿದ್ದವನು. ಮೈದಾನದಂಚಿನಲ್ಲಿ ನಿಂತು ದೊಡ್ಡ ದೊಡ್ಡ ಚಿತ್ರದ ಹಲಗೆ ಎತ್ತಿ, ಮುಂದಿನ ಆಟ ಯಾವುದೆಂದು ಒಳಗಿನ ಹುಡುಗರಿಗೆ ತಿಳಿಸುವುದು ಅವನ ಕೆಲಸ. ಯಾವ ಚಿತ್ರಕ್ಕೆ ಯಾವ ಆಟ ಎನ್ನುವುದೆಲ್ಲ ಈಗ ಅವನ ತಲೆಯಲ್ಲೇ ವೆಸ್ಟ್‌ಲೇಕ್‌ಗೆ ಹೋಗಿತ್ತು.

"ಹೊಸ ಚಿತ್ರ ಮಾಡು."

"ಮಾಡ್ದೆ. ಆನೆ ಬಂದ್ರೆ ಒಂದನೇ ಆಟ, ಒಂಟೆ ಬಂದ್ರೆ ಎರಡನೇ ಆಟ. ಇವತ್ತು ಒಂಟೆ ತೋರಿಸಿದ್ರೆ ಅರ್ಧ ಜನ ಅದನ್ನ ಕುದುರೆ ಅಂದ್ರು. ಅಷ್ಟೇ ಅಲ್ಲ, ಒಂದು ಚಿತ್ರಕ್ಕೆ ಒಂದೇ ಆಟ ಇಟ್ರೆ ಗಿಲ್ ಅರ್ಧ ಗಂಟೇಲಿ ಕಂಡುಹಿಡೀತಾನೆ. ಮಧ್ಯೆ ಮಧ್ಯೆ ಬದಲಾಗ್ತಾ ಇರ್ಬೇಕು. ಅದು ನಮ್ಮ ಹುಡುಗರ ತಲೇಲಿ ನಿಲ್ಲಲ್ಲ."

ಅರ್ಜೆಲಾ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಒಬ್ಬ ಭಾರಿ ಆಳಿನ ಕಡೆ ತಿರುಗಿದಳು.

"ಮಗಾ, ಮಂಗಳವಾರ ರಾತ್ರಿ ಏನು?"

"ಹಂದಿ ಚಾಪ್ಸ್, ಮಿಸ್ ಅರ್ಜೆಲಾ."

"ಬುಧವಾರ?"

"ಸ್ಪಗೆಟಿ." ಅವನ ಮುಖ ಸಣ್ಣಗಾಯಿತು. "ಯಾಕೆ, ಬದಲಾಯಿಸ್ತಿದೀರಾ?"

"ಇಲ್ಲ ಕಣಪ್ಪ, ಹೋಗು." ತಮ್ಮನ ಕಡೆ ತಿರುಗಿದಳು. "ನೋಡ್ದಾ? ಈ ಹುಡುಗ ಗಣಿತದಲ್ಲಿ ಎರಡು ಸಲ ಫೇಲು."

ಲೂಷಸ್ ಕೋಳಿಯನ್ನು ಕೆಳಗಿಟ್ಟ.

ಹೀಗೆ ಹೊಸ ಸನ್ನೆ ಹುಟ್ಟಿತು. ಹಲಗೆಯ ಮೇಲೆ ಊಟದ ಚಿತ್ರ. ಭಾನುವಾರದ ಕೋಳಿ, ಸೋಮವಾರದ ಕೆಂಪು ಬೀನ್ಸ್ ಮತ್ತು ಅನ್ನ, ಮಂಗಳವಾರದ ಚಾಪ್ಸ್, ಬುಧವಾರದ ಸ್ಪಗೆಟಿ, ಗುರುವಾರದ ಕರಿದ ಮೀನು. ಶುಕ್ರವಾರ ತಂಡ ಬಸ್ಸು ಹತ್ತುವ ದಿನ, ಡಬ್ಬಿಯಲ್ಲಿ ಹ್ಯಾಮ್ ಇಟ್ಟ ಬ್ರೆಡ್ಡು. ಶನಿವಾರ ಗಂಬೋ ಸಾರು. ಹುಡುಗರು ಚಿತ್ರ ನೋಡಿ ವಾರ ಎಣಿಸಬೇಕು. ಪಂದ್ಯದ ಮೊದಲ ಕಾಲುಭಾಗದಲ್ಲಿ ಭಾನುವಾರದಿಂದ ಎಣಿಕೆ, ಎರಡನೆಯದರಲ್ಲಿ ಸೋಮವಾರದಿಂದ, ಮೂರನೆಯದರಲ್ಲಿ ಮಂಗಳವಾರದಿಂದ, ನಾಲ್ಕನೆಯದರಲ್ಲಿ ಬುಧವಾರದಿಂದ. ಸಮಸಂಖ್ಯೆ ಬಂದರೆ ಚೆಂಡು ಹಿಡಿಯುವವರೆಲ್ಲ ಬಲಕ್ಕೆ ತಿರುಗಿ ಓಡಬೇಕು, ಬೆಸ ಬಂದರೆ ಎಡಕ್ಕೆ. ಅದೇ ಮೀನು, ಒಂದು ಸಲ ಬಲ, ಇನ್ನೊಂದು ಸಲ ಎಡ. ಪಾತ್ರೆ ತೊಳೆಯುವ ನೆಟ್ಟಿ ಲೂ ಚಿತ್ರ ಬರೆದಳು. ಅವಳ ಚಾಪ್ಸ್ ಹಳೇ ಬೂಟಿನ ಹಾಗಿತ್ತು, ಆದರೂ ಹುಡುಗರು ಒಬ್ಬರೂ ತಪ್ಪಲಿಲ್ಲ.

ಪಂದ್ಯದ ಹಿಂದಿನ ಸಂಜೆ ಮಾತ್ರ ಒಂದು ಏಟು ಬಿತ್ತು. ತಂಡದ ಹೆಸರಾಂತ ಓಟಗಾರ, ಎಲ್ಲ ಚೆಂಡೂ ಹಿಡಿಯುತ್ತಿದ್ದವನು, ತಾನು ಆಡುವುದಿಲ್ಲ ಎಂದ. ಮುಂದಿನ ವರ್ಷ ಅವನಿಗೆ ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡದಿಂದ ಕರೆಯಿತ್ತು. ಬೆಂಡೆಕಾಯಿಗಾಗಿ ಮಂಡಿ ಮುರಿದುಕೊಳ್ಳಲು ಮನಸ್ಸಿರಲಿಲ್ಲ. ಅವನ ಜಾಗಕ್ಕೆ ಬಂದವನು ಕ್ವಿನ್ಸಿ ಡ್ರೇಟನ್. ಎರಡು ವರ್ಷದಿಂದ ಅಭ್ಯಾಸದಲ್ಲಿ ಎದುರಾಳಿಯ ವೇಷ ಹಾಕಿ ಓಡುತ್ತಿದ್ದ ಹುಡುಗ, ಈ ಪಂದ್ಯಕ್ಕೆ ಮೊದಲು ಒಮ್ಮೆಯೂ ತಂಡದ ಬಸ್ಸು ಹತ್ತಿದವನಲ್ಲ.

"ಸನ್ನೆ ಕಲಿಯೋಕೆ ಒಂದೇ ರಾತ್ರಿ ಇದೆ," ಎಂದ ಲೂಷಸ್.

"ಕಲಿಯೋದೇನಿದೆ ಕೋಚ್, ಮಿಸ್ ಅರ್ಜೆಲಾ ಊಟ ತಾನೇ? ಬಾಯಿಪಾಠ," ಎಂದ ಕ್ವಿನ್ಸಿ.

ಮರುದಿನ ಬಿಸಿಲು ಚೆನ್ನಾಗಿತ್ತು. ಕಡಲ ಗಾಳಿಗೆ ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಅರ್ಜೆಲಾ ಚರ್ಚಿಗೆ ಹಾಕುವ ಹಸಿರು ಟೋಪಿ ಹಾಕಿಕೊಂಡು ನೆಟ್ಟಿ ಲೂ ಜೊತೆ ಹದಿನೆಂಟನೆಯ ಸಾಲಿನಲ್ಲಿ ಕೂತಿದ್ದಳು. ಇಪ್ಪತ್ತು ಸಾವಿರ ಜನರ ನಡುವೆ ಹಲಗೆ ಓದಬಲ್ಲವರು ಅವರಿಬ್ಬರೇ. ಚಾಪ್ಸ್ ಮೇಲೆದ್ದರೆ ನೆಟ್ಟಿ ಲೂ ಮೊಣಕೈಯಲ್ಲಿ ತಿವಿಯುತ್ತಿದ್ದಳು.

"ನನ್ನ ಬೂಟು ಬಂತು. ಮೂರು. ಎಡಕ್ಕೆ!"

ಎಡಕ್ಕೇ ಹೋಯಿತು. ಎದುರು ಅಂಚಿನಲ್ಲಿ ಗಿಲ್ ಸ್ಟ್ರೋದರ್ ತನ್ನ ಹಳೇ ಪುಸ್ತಕ ತಿರುವಿ ಹಾಕುತ್ತ ಕಣ್ಣು ಕಣ್ಣು ಬಿಡುತ್ತಿದ್ದ. ಹಳೇ ಚಿತ್ರಗಳಿಗೆ ಸಿದ್ಧವಾಗಿದ್ದವನಿಗೆ ಸ್ಪಗೆಟಿ ಎದುರಾಗಿತ್ತು. ಆದರೂ ವೆಸ್ಟ್‌ಲೇಕ್‌ನ ಹುಡುಗರು ಗಟ್ಟಿಗರು. ಎರಡನೆಯ ಕಾಲುಭಾಗದ ಕೊನೆಯಲ್ಲಿ ಅವರದು ಹತ್ತು, ಇವರದು ಆರು.

ಆಗ ಮೀನಿನ ಹಲಗೆ ಮೇಲೆದ್ದಿತು. ಆ ದಿನ ಅದೇ ಮೊದಲ ಸಲ.

"ಸೋಮ, ಮಂಗಳ, ಬುಧ, ಗುರು," ನೆಟ್ಟಿ ಲೂ ಬೆರಳು ಮಡಚಿದಳು. "ನಾಲ್ಕು. ಬಲಕ್ಕೆ."

ಚೆಂಡು ಎಸೆಯುವ ಹುಡುಗ ಟೇವಿಯನ್ ಕೋಕರ್ ಬಲಕ್ಕೇ ಎಸೆದ. ಇಬ್ಬರು ಓಟಗಾರರು ಬಲಕ್ಕೆ ತಿರುಗಿದರು. ಕ್ವಿನ್ಸಿ ಡ್ರೇಟನ್ ಮಾತ್ರ ಎಡಕ್ಕೆ ತಿರುಗಿ, ಯಾರೂ ಇಲ್ಲದ ಬಯಲಿನಲ್ಲಿ ಕೈ ಚಾಚಿಕೊಂಡು ಓಡಿದ. ಅವನಿಗೆಂದು ಎಸೆದ ಚೆಂಡು ವೆಸ್ಟ್‌ಲೇಕ್‌ನವನ ಕೈಗೆ ಸಿಕ್ಕಿತು. ಅವನು ಅದನ್ನು ಹಿಡಿದು ಇಡೀ ಮೈದಾನ ಓಡಿ ಇವರ ಗೆರೆ ದಾಟಿದ. ಗೆರೆ ದಾಟಿದ್ದಕ್ಕೆ ಆರು ಅಂಕ, ಆಮೇಲಿನ ಒದೆತಕ್ಕೆ ಒಂದು. ಹದಿನೇಳು, ಆರು.

"ಕುರುಡನಾ ಇವ್ನು?" ನೆಟ್ಟಿ ಲೂ ಎದ್ದು ನಿಂತಳು. "ಬಲಗೈ ಯಾವುದು ಅಂತ ಅಮ್ಮ ಹೇಳಿಕೊಟ್ಟಿಲ್ವಾ?"

ಸುತ್ತಲಿನವರೂ ಅದನ್ನೇ ಇನ್ನಷ್ಟು ಕೆಟ್ಟ ಮಾತಿನಲ್ಲಿ ಹೇಳಿದರು. ಅರ್ಜೆಲಾ ಹುಡುಗನನ್ನೇ ನೋಡುತ್ತಿದ್ದಳು. ಹುಡುಗ ಗಾಬರಿಯಿಂದ ಓಡಿದ್ದಲ್ಲ. ಅವನ ಓಟದಲ್ಲಿ ಅನುಮಾನವಿರಲಿಲ್ಲ. ತಾನೇ ಸರಿ, ಉಳಿದವರೆಲ್ಲ ತಪ್ಪು ಎನ್ನುವ ಹಾಗೆ ತಿರುಗಿ ನೋಡಿದ್ದ. ಅವಳೂ ಬೆರಳು ಮಡಚಿದಳು. ನಾಲ್ಕರ ಬದಲು ಐದು ಎಣಿಸಿದವನು ಎಡಕ್ಕೆ ಹೋಗುತ್ತಾನೆ. ಐದು ಎಂದರೆ ಶುಕ್ರವಾರ.

"ಅಯ್ಯೋ ದೇವರೇ," ಎಂದಳು. "ನನ್ನ ತಟ್ಟೆ."

"ಯಾವ ತಟ್ಟೆ?"

"ಈ ಹುಡುಗ ಗುರುವಾರ ಸಂಜೆ ಊಟಕ್ಕೇ ಬರಲ್ಲ ಕಣೇ. ಅಜ್ಜಿ ಊರಿನ ಚರ್ಚಲ್ಲಿ ಹಾಡೋಕೆ ಹೋಗ್ತಾನೆ. ಅವನ ಪಾಲಿನ ಮೀನನ್ನ ಮುಚ್ಚಿ ಎತ್ತಿಟ್ಟಿರ್ತೀನಿ. ಮಾರನೇ ದಿನ ಮಧ್ಯಾಹ್ನ ತಿಂತಾನೆ. ಎರಡು ವರ್ಷದಿಂದ ಅವನು ಮೀನು ತಿಂದಿರೋದು ಶುಕ್ರವಾರವೇ."

ನೆಟ್ಟಿ ಲೂ ಕೂತುಕೊಂಡಳು. ಅರ್ಜೆಲಾ ಎದ್ದಳು.

ವಿರಾಮದ ಸೀಟಿ ಮೊಳಗಿತ್ತು. ಆಟಗಾರರು ಒಳಗೆ ಹೋಗುತ್ತಿದ್ದರು. ಮೆಟ್ಟಿಲ ಕೊನೆಯಲ್ಲಿ ಹಳದಿ ಕೋಟಿನ ಕಾವಲುಗಾರ ಅಡ್ಡ ನಿಂತ.

"ಅಮ್ಮಾ, ಪಾಸ್ ಇದೆಯಾ?"

"ನಮ್ಮ ತಮ್ಮ ಕೋಚು."

"ಇವತ್ತು ಬೆಳಿಗ್ಗೆಯಿಂದ ಕೋಚ್ ಅಕ್ಕಂದಿರು ಮೂರು ಜನ ಬಂದ್ರು ಅಮ್ಮಾ."

ಅವನ ಜೊತೆ ವಾದ ಮಾಡಿ ಉಪಯೋಗವಿರಲಿಲ್ಲ. ಪಕ್ಕದ ದೊಡ್ಡ ಗೇಟಿನಲ್ಲಿ ಕಾಲೇಜಿನ ಬ್ಯಾಂಡಿನವರು ಮೈದಾನಕ್ಕಿಳಿಯಲು ಸಾಲಾಗುತ್ತಿದ್ದರು. ಇನ್ನೂರು ಜನ, ಹಿತ್ತಾಳೆ ಥಳಥಳ. ಎಲ್ಲರಿಗಿಂತ ಹಿಂದೆ ಟ್ಯೂಬಾ ಎಂಬ ಭಾರಿ ತುತ್ತೂರಿ ಹೊತ್ತವರ ಸಾಲು. ಅದರಲ್ಲಿದ್ದ ಎತ್ತರದ ಹುಡುಗಿ ಇವಳನ್ನು ನೋಡಿ ಹಲ್ಲು ಬಿಟ್ಟಳು.

"ಮಿಸ್ ಅರ್ಜೆಲಾ! ಟೋಪಿ ಭಾರಿ ಚೆನ್ನಾಗಿದೆ."

"ನಿನ್ನ ತುತ್ತೂರಿ ಇನ್ನೂ ಚೆನ್ನಾಗಿದೆ ಮಗಳೇ. ಅದರ ಹಿಂದೆ ನನಗೆ ಜಾಗ ಇದೆಯಾ?"

ಡೋಲು ಶುರುವಾಯಿತು. ಇಬ್ಬರು ಟ್ಯೂಬಾದವರ ನಡುವೆ, ತಲೆ ಎತ್ತಿಕೊಂಡು, ತಾಳಕ್ಕೆ ಸರಿಯಾಗಿ ಮೊಣಕಾಲೆತ್ತಿ ಅರ್ಜೆಲಾ ಗೇಟು ದಾಟಿದಳು. ಹಳದಿ ಕೋಟಿನವನು ಅವಳನ್ನು ನೋಡಿದ. ಆದರೆ ನಡೆಯುತ್ತಿರುವ ಬ್ಯಾಂಡನ್ನು ನಿಲ್ಲಿಸುವ ಧೈರ್ಯ ಆ ಸೀಮೆಯಲ್ಲಿ ಯಾರಿಗೂ ಇಲ್ಲ. ಬ್ಯಾಂಡು ಎಡಕ್ಕೆ ತಿರುಗಿತು, ಇವಳು ಬಲಕ್ಕೆ ತಿರುಗಿ ಆಟಗಾರರ ಕೋಣೆಯ ಓಣಿ ಹೊಕ್ಕಳು.

ಲೂಷಸ್ ಬಾಗಿಲ ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದ.

"ಅಕ್ಕ? ನೀನು ಹೇಗೆ..."

"ಮೆರವಣಿಗೇಲಿ ಬಂದೆ. ಆ ಹುಡುಗನ್ನ ಕೂರಿಸಬೇಡ."

"ಆಗಲೇ ಕೂರಿಸಿದೀನಿ. ಎಡ ಬಲ ಗೊತ್ತಿಲ್ಲದವನನ್ನ ಇಟ್ಕೊಂಡು ಏನ್ಮಾಡ್ಲಿ?"

"ಅವನಿಗೆ ಎಡ ಬಲ ಗೊತ್ತು. ಗುರುವಾರ ಗೊತ್ತಿಲ್ಲ. ಕರಿ ಅವನನ್ನ."

ಕ್ವಿನ್ಸಿ ಹೊರಗೆ ಬಂದ. ಅತ್ತು ಮುಖ ತೊಳೆದಿದ್ದ. ನೀರು ಇನ್ನೂ ಗಲ್ಲದಲ್ಲಿ ಇಳಿಯುತ್ತಿತ್ತು.

"ಮಗಾ, ಮೀನು ಯಾವತ್ತು?"

"ಶುಕ್ರವಾರ, ಮಿಸ್ ಅರ್ಜೆಲಾ."

"ಮತ್ತೆ ಹ್ಯಾಮ್ ಬ್ರೆಡ್ಡು?"

"ಅದೂ ಶುಕ್ರವಾರ. ಬಸ್ಸು ಹತ್ತೋರಿಗೆ ಬ್ರೆಡ್ಡು, ಉಳಿದೋರಿಗೆ ಮೀನು."

"ಹಾಗಾದ್ರೆ ಗುರುವಾರ ಏನು ಅಂದ್ಕೊಂಡಿದ್ದೆ?"

ಹುಡುಗ ಅಕ್ಕ ತಮ್ಮ ಇಬ್ಬರನ್ನೂ ನೋಡಿದ. "ಗುರುವಾರ ಅಡುಗೆಮನೆ ರಜಾ ಅಲ್ವಾ?"

"ರಜಾನಾ!" ಅರ್ಜೆಲಾಳ ದನಿ ಓಣಿಯ ಕೊನೆವರೆಗೂ ಹೋಯಿತು. "ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಒಲೆ ಆರಿಸಿಲ್ಲ ನಾನು! ಬಿರುಗಾಳಿ ಬಂದು ಚಾವಣಿ ಹಾರಿದಾಗ ಛತ್ರಿ ಹಿಡ್ಕೊಂಡು ಬೇಯಿಸಿದೀನಿ!"

ಲೂಷಸ್ ಅವತ್ತು ಮೊದಲ ಸಲ ನಕ್ಕ. ಕ್ವಿನ್ಸಿಯ ಭುಜ ಹಿಡಿದು, "ಮೀನು ಗುರುವಾರ ಕಣೋ. ಗುರುವಾರ. ಹೇಳು," ಎಂದ. ಹುಡುಗ ಮೂರು ಸಲ ಹೇಳಿದ. "ಹೋಗು, ಹೆಲ್ಮೆಟ್ ಹಾಕು."

ಅರ್ಜೆಲಾ ಮತ್ತೆ ಮೇಲೆ ಹೋಗಲಿಲ್ಲ. ನೀರಿನ ಡ್ರಮ್ಮುಗಳ ಪಕ್ಕದಲ್ಲಿ ಒಂದು ಜಾಗ ತೋರಿಸಿ ಲೂಷಸ್ ಹೇಳಿದ, "ಇಲ್ಲಿ ನಿಲ್ಲು. ಆದರೆ ಒಂದು ಮಾತಾಡಕೂಡದು."

"ನಾನು ಯಾವತ್ತು ಮಾತಾಡಿದ್ದೆ?"

ಮೂರನೆಯ ಕಾಲುಭಾಗ ಇವರದೇ. ಕೋಳಿ ಬಂತು, ಬೀನ್ಸ್ ಬಂತು, ಒಮ್ಮೆ ಮೀನೂ ಬಂತು. ಕ್ವಿನ್ಸಿ ಎಲ್ಲರ ಜೊತೆ ಸರಿಯಾಗಿ ತಿರುಗಿದ. ಗಂಬೋ ಸಾರಿನ ಹಲಗೆಗೆ ಟೇವಿಯನ್ ಎಸೆದದ್ದನ್ನು ಅವನೇ ಹಿಡಿದು ಗೆರೆ ದಾಟಿದ. ಹದಿನೇಳು, ಹದಿಮೂರು. ಬೆಂಚಿನ ಮೇಲಿದ್ದವರೆಲ್ಲ ಎದ್ದು ಕುಣಿದರು.

ನಾಲ್ಕನೆಯದರಲ್ಲಿ ಎಲ್ಲ ನಿಂತುಹೋಯಿತು. ಇವರು ಎಡಕ್ಕೆ ತಿರುಗಿದರೆ ವೆಸ್ಟ್‌ಲೇಕ್ ಅದಾಗಲೇ ಎಡಕ್ಕೆ. ಬಲಕ್ಕೆ ತಿರುಗಿದರೆ ಮೊದಲೇ ಬಲಕ್ಕೆ. ಚೆಂಡು ಎಸೆಯಲು ಟೇವಿಯನ್‌ಗೆ ಬಿಡುವೇ ಸಿಗದು. ಒಂದು ಸಲ, ಎರಡು ಸಲ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಬಂದರು. ಇವರ ರಕ್ಷಣೆಯ ಹುಡುಗರು ಹಲ್ಲು ಕಚ್ಚಿ ವೆಸ್ಟ್‌ಲೇಕ್‌ಗೂ ಏನೂ ಸಿಗದ ಹಾಗೆ ನೋಡಿಕೊಂಡರು. ಕೊನೆಗೊಮ್ಮೆ, ಇನ್ನು ಎರಡು ನಿಮಿಷ ಇರುವಾಗ, ಚೆಂಡು ಮತ್ತೆ ಇವರ ಕೈಗೆ ಬಂತು. ಹಲಗೆಯ ಗೊಡವೆಯೇ ಬೇಡವೆಂದು ಟೇವಿಯನ್ ತಾನೇ ಚೆಂಡು ಎದೆಗೊತ್ತಿಕೊಂಡು ನುಗ್ಗಿದ. ಒದ್ದಾಡಿ, ಬಿದ್ದು, ಎದ್ದು ವೆಸ್ಟ್‌ಲೇಕ್‌ನ ಗೆರೆಗೆ ಒಂಬತ್ತು ಗಜದವರೆಗೆ ತಂದು ನಿಲ್ಲಿಸಿದ. ಸಿಗುವುದೇ ನಾಲ್ಕು ಯತ್ನ, ಅಲ್ಲಿ ಮೂರು ವ್ಯರ್ಥವಾದವು. ಉಳಿದದ್ದು ನಾಲ್ಕನೆಯದೊಂದೇ. ಗಡಿಯಾರದಲ್ಲಿ ಹನ್ನೊಂದು ಸೆಕೆಂಡು.

ಲೂಷಸ್ ಹಲಗೆಯವನ ಕಡೆ ಬೆರಳು ಎತ್ತಿದ. ಸ್ಪಗೆಟಿ ಮೇಲೆದ್ದಿತು.

ಎಲ್ಲರೂ ಚೆಂಡನ್ನು ನೋಡುತ್ತಿದ್ದರು. ಅರ್ಜೆಲಾ ಎದುರು ಅಂಚಿನಲ್ಲಿ ನಿಂತಿದ್ದ ಗಿಲ್ ಸ್ಟ್ರೋದರ್‌ನನ್ನು ನೋಡುತ್ತಿದ್ದಳು. ಅವನ ಕೈಯಲ್ಲಿ ಪುಸ್ತಕವಿರಲಿಲ್ಲ. ಹಲಗೆ ಎದ್ದ ಕೂಡಲೇ ಅವನ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಓಡಿತು. ಆಮೇಲೆ ಅವನು ಎಡಗೈ ಎತ್ತಿದ. ವೆಸ್ಟ್‌ಲೇಕ್‌ನ ಹುಡುಗರು ಅತ್ತ ಜರುಗಿದರು. ಹಾಗೆ ಹೆಬ್ಬೆರಳು ಓಡಿಸುವುದನ್ನು ಅವಳು ತನ್ನ ಕೌಂಟರಿನ ಎದುರು ಮೂರು ವರ್ಷ ನೋಡಿದ್ದಳು. ಮಿಸ್ ಅರ್ಜೆಲಾ, ಮೀನಿಗೆ ಇನ್ನೂ ಎಷ್ಟು ದಿನ? ಎಂದು ಅವನು ಕೇಳುತ್ತಿದ್ದ.

"ಲೂಷಸ್! ನಿಲ್ಲಿಸು!"

"ಅಕ್ಕ, ಮಾತಾಡಬೇಡ ಅಂದಿದ್ದೆ."

"ನಿಲ್ಲಿಸೋ ದಡ್ಡ!"

ಲೂಷಸ್ ಅಕ್ಕನ ಮುಖ ನೋಡಿ ಎರಡೂ ಕೈ ‘ಟಿ’ ಅಕ್ಷರದ ಹಾಗೆ ಹಿಡಿದು ಟೈಮ್‌ಔಟ್ ಕೇಳಿದ. ಅದು ಅವರ ಬಳಿ ಇದ್ದ ಕೊನೆಯದು.

"ಅವನು ವಾರ ಎಣಿಸ್ತಿದಾನೆ," ಎಂದಳು. "ನಾವಿಬ್ರೂ ಎಂಥ ಪೆದ್ದರು. ಮೂರು ವರ್ಷ ನನ್ನ ಕೈಯಡುಗೆ ತಿಂದವನು ಅವನು! ಜೋಳದ ಬ್ರೆಡ್ಡು ಎರಡೆರಡು ಸಲ ಹಾಕಿಸ್ಕೋತಿದ್ದ. ಪಟ್ಟಿ ಅವನಿಗೂ ಬಾಯಿಗೆ ಬರುತ್ತೆ."

ಲೂಷಸ್ ಹಲಗೆಗಳತ್ತ ನೋಡಿದ. ತಂಡ ಸುತ್ತ ಬಂದು ನೆರೆದಿತ್ತು. ಅವನ ಬಳಿ ಒಂದು ನಿಮಿಷವಿತ್ತು.

"ಮುಗೀತು ಹಾಗಾದ್ರೆ. ಏನು ತೋರಿಸಿದ್ರೂ ಅವನಿಗೆ ಗೊತ್ತಾಗುತ್ತೆ."

"ಅವನಿಗೆ ಗೊತ್ತಿರೋದು ನಾನು ಬಡಿಸಿದ್ದು," ಎಂದಳು ಅರ್ಜೆಲಾ. "ಎತ್ತಿಟ್ಟಿದ್ದು ಗೊತ್ತಿಲ್ಲ."

ಲೂಷಸ್‌ಗೆ ಹೊಳೆಯಿತು. ಆಮೇಲೆ ಹುಡುಗರ ಕಡೆ ತಿರುಗಿದ. ಅವನ ದನಿ ತಣ್ಣಗಿತ್ತು. ಇಷ್ಟು ವರ್ಷ ಬೇರೆಯವರ ಹಿಂದೆ ನಿಂತು ನುಂಗಿಕೊಂಡ ದನಿಯಲ್ಲ.

"ಮೀನು ತೋರಿಸ್ತೀನಿ. ಎಲ್ಲರಿಗೂ ಗುರುವಾರ. ಬುಧ, ಗುರು, ಎರಡು, ಬಲಕ್ಕೆ. ಪ್ರಾಣ ಹೋಗೋ ಹಾಗೆ ಓಡಿ, ನಿಮ್ಮಲ್ಲೊಬ್ಬನಿಗೇ ಚೆಂಡು ಬರುತ್ತೆ ಅನ್ನೋ ಹಾಗೆ. ಟೇವಿಯನ್, ನೀನು ಬಲಕ್ಕೆ ನೋಡು, ಎಡಕ್ಕೆ ಎಸೆ." ಅವನು ಕ್ವಿನ್ಸಿಯ ಹೆಲ್ಮೆಟ್ಟಿನ ಕಂಬಿ ಹಿಡಿದು ಹತ್ತಿರ ಎಳೆದ. "ನಿನಗೆ ಮೀನು ಯಾವತ್ತೋ?"

"ಗುರುವಾರ ಕೋಚ್. ಗುರುವಾರ, ಗುರುವಾರ."

"ಅಲ್ಲ. ನಿನಗೆ ಶುಕ್ರವಾರ."

ಹುಡುಗ ಅರ್ಜೆಲಾಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ಬುಧ, ಗುರು, ಶುಕ್ರ. ಮೂರು," ಎಂದ ಕ್ವಿನ್ಸಿ ನಿಧಾನವಾಗಿ. "ಎಡಕ್ಕೆ. ಒಬ್ಬನೇ."

"ಒಬ್ಬನೇ."

ಅವರು ಮೈದಾನಕ್ಕೆ ಮರಳಿದರು. ಮೀನಿನ ಹಲಗೆ ಮೇಲೆದ್ದಿತು, ಎತ್ತರಕ್ಕೆ, ಯಾರಿಗೂ ಕಾಣದೆ ಹೋಗಬಾರದು ಎನ್ನುವ ಹಾಗೆ. ಅರ್ಜೆಲಾ ಅದನ್ನೂ ನೋಡಲಿಲ್ಲ, ಚೆಂಡನ್ನೂ ನೋಡಲಿಲ್ಲ. ಗಿಲ್‌ನ ಹೆಬ್ಬೆರಳು ಎರಡು ಬೆರಳಿನ ಮೇಲೆ ಓಡಿತು. ಅವನು ಬಲಗೈ ಎತ್ತಿದ, ಜೋರಾಗಿ ಬೀಸಿದ. ವೆಸ್ಟ್‌ಲೇಕ್‌ನ ಇಡೀ ಗುಂಪು ಆ ಕಡೆ ವಾಲಿತು.

ಸೀಟಿ ಮೊಳಗಿತು. ಹೆಲ್ಮೆಟ್ಟುಗಳು ಡಿಕ್ಕಿ ಹೊಡೆದ ಸದ್ದು. ಗಿಲ್ ಮುಗುಳ್ನಗುತ್ತಿದ್ದ. ನಗು ಹಾಗೇ ಇತ್ತು, ಹಾಗೇ ಇತ್ತು, ಆಮೇಲೆ ಅವನ ಕತ್ತು ಸರ್ರನೆ ಇನ್ನೊಂದು ಪಕ್ಕಕ್ಕೆ ತಿರುಗಿತು, ಬಾಯಿ ತೆರೆಯಿತು, ಎರಡೂ ಕೈ ತಲೆಯ ಮೇಲೆ ಹೋದವು. ಅರ್ಜೆಲಾಳಿಗೆ ಅಷ್ಟು ಸಾಕಾಗಿತ್ತು. ಇಪ್ಪತ್ತು ಸಾವಿರ ಜನರ ಕೂಗು ಏಳುವ ಮೊದಲೇ ಅವಳು ಟೋಪಿ ತೆಗೆದು ಆಕಾಶಕ್ಕೆ ಎಸೆದಿದ್ದಳು.

ತಿರುಗಿ ನೋಡಿದಾಗ ಕ್ವಿನ್ಸಿ ಡ್ರೇಟನ್ ಎಡ ಮೂಲೆಯಲ್ಲಿ, ಸುತ್ತ ಹತ್ತು ಗಜದಲ್ಲಿ ಒಂದು ನರಪಿಳ್ಳೆಯೂ ಇಲ್ಲದೆ, ಚೆಂಡನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮಂಡಿಯೂರಿ ಕೂತಿದ್ದ. ಮೇಲಿನ ಒಂದು ಅಂಕದ ಒದೆತವೂ ಕಂಬದ ನಡುವೆ ಹೋಯಿತು. ಇಪ್ಪತ್ತು, ಹದಿನೇಳು. ಉಳಿದ ಕೆಲವು ಸೆಕೆಂಡಿನಲ್ಲಿ ವೆಸ್ಟ್‌ಲೇಕ್ ಏನೂ ಮಾಡಲಾಗಲಿಲ್ಲ.

ಮೈದಾನದ ತುಂಬ ಜನ. ಯಾರೋ ಲೂಷಸ್‌ನ ತಲೆಯ ಮೇಲೆ ಒಂದು ಬುಟ್ಟಿ ಹುರಿದ ಬೆಂಡೆಕಾಯಿ ಸುರಿದಿದ್ದರು. ಅವನ ಕಿವಿಯಲ್ಲೂ ಕಾಲರಿನಲ್ಲೂ ಅದರ ಚೂರು. ಗಿಲ್ ಸ್ಟ್ರೋದರ್ ಜನರನ್ನು ಸರಿಸಿಕೊಂಡು ಬಂದು ಅರ್ಜೆಲಾಳ ಮುಂದೆ ನಿಂತ.

"ಮಿಸ್ ಅರ್ಜೆಲಾ, ಮೀನು ಗುರುವಾರ ಅಲ್ವಾ? ನಾನೇನು ತಪ್ಪು ಎಣಿಸಿದ್ನಾ?"

"ಸರಿಯಾಗೇ ಎಣಿಸಿದೆ ಕಣಪ್ಪ. ನೀನು ಒಂದು ಗುರುವಾರನಾದ್ರೂ ಊಟ ತಪ್ಪಿಸಿದ್ದೀಯಾ?"

"ಒಂದೂ ಇಲ್ಲ."

"ಅದೇ ನಿನಗೆ ಮುಳುವಾಯ್ತು. ಸೊರಗಿದ್ದೀಯ, ಅಲ್ಲಿ ಸರಿಯಾಗಿ ಹಾಕ್ತಿಲ್ಲ ಅನ್ಸುತ್ತೆ."

ಅವನು ನಗಲೋ ಅಳಲೋ ತಿಳಿಯದೆ ಹೋದ. ಅಷ್ಟರಲ್ಲಿ ಡಾಕ್ಟರ್ ಓಗಲ್ಸ್‌ಬಿ ಕಾಲೇಜಿನ ಬಣ್ಣದ ಟೈ ಗಾಳಿಗೆ ಹಾರಿಸಿಕೊಂಡು ಲೂಷಸ್ ಬಳಿ ಬಂದರು. ಅವನ ಭುಜದ ಮೇಲಿದ್ದ ಬೆಂಡೆಕಾಯಿ ಚೂರೊಂದನ್ನು ಕೊಡವಿದರು.

"ಕೋಚ್ ಪೆಟ್‌ವೇ, ನಾನು ಮಾತು ಕೊಟ್ಟಿದ್ದೆ. ಟೆಕ್ಸಸ್‌ಗೆ ಈಗಲೇ ಫೋನ್ ಮಾಡಿ ಬೇಡ ಅಂತ ಹೇಳ್ತೀನಿ. ಕೆಲಸ ನಿಮ್ಮದು. ಒಂದು ವರ್ಷ ನೋಡೋಣ."

ಲೂಷಸ್ ಬಾಯಿ ತೆರೆದ. ಕಣ್ಣು ತುಂಬಿತ್ತು. ಒಂದು ವರ್ಷವೆಂದರೂ ಅವನು ಒಪ್ಪಿಕೊಂಡು ಬಿಡುತ್ತಿದ್ದ. ಎಂಟು ಊರು ಸುತ್ತಿದವನಿಗೆ ಒಂದು ವರ್ಷವೂ ದೊಡ್ಡದಾಗಿಯೇ ಕಂಡಿರಬೇಕು.

"ನಾಲ್ಕು," ಎಂದಳು ಅರ್ಜೆಲಾ.

ಅಧ್ಯಕ್ಷರು ತಿರುಗಿದರು. "ಮಿಸ್ ಅರ್ಜೆಲಾ, ನಾನು ಕೋಚ್ ಜೊತೆ ಮಾತಾಡ್ತಿದೀನಿ."

"ಅಕ್ಕ, ಸುಮ್ನಿರು," ಎಂದ ಲೂಷಸ್.

"ಇವತ್ತು ಸೇರಿದ ಹುಡುಗ ಓದು ಮುಗಿಸೋಕೆ ನಾಲ್ಕು ವರ್ಷ ಬೇಕು ಡಾಕ್ಟರೇ. ಅವನ ಮನೆಗೆ ಹೋಗಿ ಅವರಮ್ಮನ ಎದುರು ಕೂತ್ಕೊಂಡು, ನಿಮ್ಮ ಮಗನನ್ನ ನಾನು ನೋಡ್ಕೋತೀನಿ ಅಂತ ಇವನು ಹೇಳ್ಬೇಕು. ಒಂದು ವರ್ಷದ ಕೋಚು ಅದನ್ನ ಯಾವ ಬಾಯಲ್ಲಿ ಹೇಳ್ತಾನೆ?"

ಅಧ್ಯಕ್ಷರು ಲೂಷಸ್‌ನ ಮುಖ ನೋಡಿದರು. ಲೂಷಸ್ ಈ ಸಲ ಅಕ್ಕನಿಗೆ ಸುಮ್ಮನಿರು ಎನ್ನಲಿಲ್ಲ. ಬೆನ್ನು ನೇರ ಮಾಡಿ, ಅಧ್ಯಕ್ಷರ ಕಣ್ಣನ್ನೇ ನೋಡುತ್ತ ನಿಂತ.

"ಅವಳು ಹೇಳಿದ್ದು ಸರಿ ಸಾರ್," ಎಂದ. "ನಾಲ್ಕು."

ಹಿಂದೆ ಬ್ಯಾಂಡು ಕಾಲೇಜಿನ ಹಾಡು ಹಿಡಿದಿತ್ತು. ಡಾಕ್ಟರ್ ಓಗಲ್ಸ್‌ಬಿ ಕೊಂಚ ಹೊತ್ತು ಟೈ ಸರಿಮಾಡಿಕೊಂಡರು, ಆಮೇಲೆ ಕೈ ಚಾಚಿದರು. ಅವರು ಯಾರ ಕಡೆಗೆ ಚಾಚಿದ್ದರೋ, ಮೊದಲು ಹಿಡಿದು ಕುಲುಕಿದವಳು ಅರ್ಜೆಲಾ.